ಡೆನ್ಮಾರ್ಕಿನ ಸಣ್ಣ ಊರಿನ ಹುಡುಗರ ಸಿನಿಮಾ: ಯಾವುದರಿಂದ ಶುರು ಮಾಡಲಿ?

ಕೇಳಿದವರು: ಕಡಿಮೆ ದುಡ್ಡಿನಲ್ಲಿ ತೆಗೆದ ಡ್ಯಾನಿಶ್ ಸಿನಿಮಾ ಒಂದನ್ನು ನೋಡಿದೆ. ಸಣ್ಣ ಊರು, ಕೆಲಸವಿಲ್ಲದ ಹುಡುಗರು, ಬಿಯರ್, ಮೊಪೆಡ್, ಸುಮ್ನೆ ತಿರುಗಾಟ. ಓದು ಪುಕ್ಕಟೆ, ಆಸ್ಪತ್ರೆ ಪುಕ್ಕಟೆ, ಆದರೂ ಯಾಕೆ ಹೀಗೆ? ಇಂಥವನ್ನು ನೋಡಿದವರು, ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ಓಲ್ಬೋರ್ಗ್‌ನಲ್ಲಿ ಓದಿದವರು: ಅಲ್ಲಿ ಹೊಟ್ಟೆಗಿಲ್ಲದ ಬಡತನ ಕಾಣುವುದಿಲ್ಲ, ನಿಜ. ಕಾಲೇಜಿಗೆ ಫೀಸಿಲ್ಲ, ಓದುವವರಿಗೆ ಸರ್ಕಾರವೇ ಪ್ರತಿ ತಿಂಗಳು ದುಡ್ಡು ಕೊಡುತ್ತದೆ. ಆದರೆ ದೊಡ್ಡ ಓದೆಲ್ಲ ಇರುವುದು ಕೋಪನ್‌ಹೇಗನ್, ಓರ್ಹುಸ್, ಓಡೆನ್ಸೆ, ಓಲ್ಬೋರ್ಗ್‌ನಂಥ ಕಡೆ. ಓದು ಹತ್ತಿದವರು ಊರು ಬಿಡುತ್ತಾರೆ, ಅದರಲ್ಲೂ ಹುಡುಗಿಯರೇ ಜಾಸ್ತಿ. ಓದು ಹತ್ತದವರಿಗೆ ಮೊದಲು ಹಡಗು ಕಟ್ಟುವ ಯಾರ್ಡು, ಮೀನಿನ ಕಾರ್ಖಾನೆ, ಕಸಾಯಿಖಾನೆ ಇದ್ದವು, ಅಪ್ಪನ ಹಿಂದೆಯೇ ಮಗನೂ ಹೋಗಿ ಸೇರಿಕೊಳ್ಳಬಹುದಿತ್ತು. ಅಂಥ ಎಷ್ಟೋ ಜಾಗಗಳು ಮುಚ್ಚಿಹೋದವು. ಓಡೆನ್ಸೆ ಹತ್ತಿರದ ಲಿಂಡೋ ಯಾರ್ಡು 2012ರಲ್ಲಿ ಕೊನೆಯ ಹಡಗು ಕೊಟ್ಟು ನಿಂತಿತು. 2007ರಲ್ಲಿ 271 ಮುನ್ಸಿಪಾಲಿಟಿಗಳನ್ನು ಸೇರಿಸಿ 98 ಮಾಡಿದರು, ಸಣ್ಣ ಊರುಗಳ ಆಫೀಸು ಕೆಲಸವೂ ಪಕ್ಕದ ದೊಡ್ಡ ಊರಿಗೆ ಹೋಯಿತು. ಊಟಕ್ಕೆ ಕೊರತೆ ಇಲ್ಲ, ಬೆಳಿಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗ ಇಲ್ಲ. ಆ ಹುಡುಗರ ಕಷ್ಟ ಇದು. ಅದನ್ನು ಸೋಮಾರಿತನ ಅಂದರೆ ನನಗೆ ಸಂಕಟವಾಗುತ್ತದೆ.

ಫಿಲ್ಮ್ ಸೊಸೈಟಿಯವರು: ನೋರ್ಡ್‌ಕ್ರಾಫ್ಟ್ (2005) ಮೊದಲು ನೋಡಿ. ಯಾಕೋಬ್ ಐಯರ್ಸ್‌ಬೋ ಅವರ ಕಾದಂಬರಿ ಆಧರಿಸಿದ್ದು, ಓಲ್ಬೋರ್ಗ್‌ನಲ್ಲಿ ಡ್ರಗ್ಸ್ ಸುತ್ತ ಸಿಕ್ಕಿಕೊಂಡ ಮೂವರ ಕಥೆ, ಹಿಡಿದು ಕೂರಿಸುತ್ತದೆ. ಆಮೇಲೆ ಆರ್ (R, 2010), ಜೈಲಿನ ಕಥೆ. ಹಾರ್ಸೆನ್ಸ್ ಊರಿನ ಹಳೇ ಜೈಲು 2006ರಲ್ಲಿ ಮುಚ್ಚಿತ್ತು, ಅದರೊಳಗೇ ಹೋಗಿ ತೆಗೆದಿದ್ದಾರೆ, ನಟಿಸಿದವರಲ್ಲಿ ನಿಜವಾದ ಮಾಜಿ ಕೈದಿಗಳೂ ಕಾವಲಿನವರೂ ಇದ್ದಾರೆ. ದುಡ್ಡು ಕಡಿಮೆ ಇದ್ದಾಗ ಸೆಟ್ ಹಾಕುವ ಬದಲು ಇರುವ ಜಾಗಕ್ಕೇ ಹೋಗುವುದು ಅವರಿಗೆ ರೂಢಿ. ಡ್ಯಾನಿಶ್ ನಿರ್ದೇಶಕರು ತಾವೇ ಹಾಕಿಕೊಂಡ 1995ರ ಡಾಗ್ಮೆ ನಿಯಮಗಳೂ ಅದನ್ನೇ ಹೇಳಿದ್ದವು: ಕ್ಯಾಮೆರಾ ಕೈಯಲ್ಲಿ, ಜಾಗ ನಿಜದ್ದು, ಬೇರೆ ಲೈಟು ಬೇಡ, ಸದ್ದು ಅಲ್ಲೇ ಹಿಡಿದದ್ದು. ಹಾಗಾಗಿ ಕಥೆ ಎಲ್ಲಿ ಅಂತ ಕಾಯಬೇಡಿ. ಯಾರು ಯಾರ ಮನೆಯಲ್ಲಿ ಕೂತಿದ್ದಾರೆ, ಯಾರ ಕೈಯಲ್ಲಿ ದುಡ್ಡಿದೆ, ಯಾರ ಮಾತನ್ನು ಯಾರೂ ಕೇಳುತ್ತಿಲ್ಲ, ಇದನ್ನು ನೋಡುತ್ತಾ ಹೋಗಿ. ಹೆಡ್‌ಫೋನ್ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಬ್ಬರು: ಹುಡುಗಿಯರು ಊರು ಬಿಡುತ್ತಾರೆ ಅಂತ ಓಲ್ಬೋರ್ಗ್‌ನಲ್ಲಿ ಓದಿದವರು ಅಂದರಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ವಿಂಟರ್ ಬ್ರದರ್ಸ್ (2017) ನೋಡಿ. ಸುಣ್ಣದಕಲ್ಲಿನ ಗಣಿ, ಇಬ್ಬರು ಅಣ್ಣತಮ್ಮಂದಿರು, ಅವರಲ್ಲಿ ತಮ್ಮನಾದವನು ಕಾರ್ಖಾನೆಯಿಂದ ಕದ್ದ ಕೆಮಿಕಲ್ ಹಾಕಿ ಸಾರಾಯಿ ಮಾಡಿ ಮಾರುತ್ತಾನೆ. ಸುತ್ತ ಎಲ್ಲ ಗಂಡಸರೇ, ಅವರ ನಡುವೆ ಒಬ್ಬ ಹುಡುಗಿ, ಅವಳ ಮನಸ್ಸಿನಲ್ಲಿ ಏನಿದೆ ಅಂತ ಸಿನಿಮಾ ಹೆಚ್ಚು ತಿಳಿಸುವುದೇ ಇಲ್ಲ. ಈ ಬಗೆಯ ಸಿನಿಮಾಗಳ ಮೇಲೆ ನನಗಿರುವ ದೊಡ್ಡ ಬೇಸರ ಇದೇ. ಆದರೂ ತಮ್ಮನ ಪಾತ್ರ ಮಾಡಿದ ನಟನಿಗೆ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಸಿನಿಮೋತ್ಸವದಲ್ಲಿ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ, ಅವನಿಗಾಗಿಯೇ ನೋಡಬಹುದು. ಆರ್ ಮಾತ್ರ ಮನೆಯಲ್ಲಿ ಮಕ್ಕಳು ಇರುವಾಗ ಹಾಕಬೇಡಿ, ಹೊಡೆದಾಟ ತುಂಬಾ ಕ್ರೂರವಾಗಿದೆ.