ಅಗರ್ ಬೇಡವೇ? ಸಸ್ಯಶಾಸ್ತ್ರ ಸಹಪಾಠಿಗಳ ವಾಟ್ಸಾಪ್ ಗುಂಪಿನ ಚರ್ಚೆ

ರಘು: (ಹಂಚಿಕೊಂಡ ಸಂದೇಶ) "ಅಂಗಾಂಶ ಕೃಷಿಗೆ ದುಬಾರಿ ಅಗರ್ ಇನ್ನು ಬೇಡ. ಇಸಬ್‌ಗೋಲ್ ಸಿಪ್ಪೆ ಅಥವಾ ಯಾವುದೇ ಪಿಷ್ಟ ಸಾಕು."
ಬಾಟಲಿಯಲ್ಲಿ ಸಸಿ ಬೆಳೆಸುವ ಪೋಷಕ ದ್ರವವನ್ನು (ಮಾಧ್ಯಮವನ್ನು) ಗಟ್ಟಿಮಾಡಲು ನಾವು ಇಷ್ಟು ವರ್ಷ ಅಗರ್‌ಗೆ ಸುಮ್ಮನೆ ದುಡ್ಡು ಸುರಿದೆವೇ?

ಶೈಲಜಾ: "ಯಾವುದೇ ಪಿಷ್ಟ" ಎಂಬುದನ್ನು ಓದಿ ಸಿಟ್ಟು ಬಂತು ರಘು. ಮರಗೆಣಸಿನ ಪಿಷ್ಟ ಹಾಕಿ ಕೈ ಸುಟ್ಟುಕೊಂಡವಳು ನಾನು. ಮಾಧ್ಯಮ ಮಬ್ಬಾಗಿತ್ತು, ತಳದಲ್ಲಿ ಸೋಂಕು ಹರಡಿದರೂ ವಾರದವರೆಗೆ ಕಣ್ಣಿಗೆ ಬೀಳಲಿಲ್ಲ. ಸರಿಯಾಗಿ ಗಟ್ಟಿಯಾಗದೆ ಚಿಗುರುಗಳು ಮುಳುಗಿದವು, ನೀರು ತುಂಬಿಕೊಂಡು ಗಾಜಿನಂತಾದವು. ಅಂಥ ಸಸಿಯನ್ನು ಬಾಟಲಿಯಿಂದ ತೆಗೆದು ಮಣ್ಣಿಗೆ ನೆಟ್ಟರೆ ಬದುಕುವುದು ಅಪರೂಪ.

ಮಹೇಶ: ಶೈಲಕ್ಕ, ಅದು ಪಿಷ್ಟದ ತಪ್ಪು, ಇಸಬ್‌ಗೋಲ್‌ನದಲ್ಲ. ಅದರ ಲೋಳೆ ಅರಾಬಿನೋಕ್ಸೈಲಾನ್, ಅಂದರೆ ಪಿಷ್ಟವಲ್ಲದ ಬೇರೆ ಬಗೆಯ ಸಕ್ಕರೆ ಸರಪಳಿ. ಪಿಷ್ಟದಷ್ಟು ಮಬ್ಬಾಗುವುದೂ ಇಲ್ಲ. ಅಡುಗೆಮನೆಯ ವಸ್ತು ಎಂದು ತಳ್ಳಿಹಾಕಬೇಡಿ. ಅಗರ್ ಕೂಡ ಹಾಗೆಯೇ ಬಂದದ್ದು! 1881ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕೋಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲಟಿನ್ ಬೆಚ್ಚಗೆ ಕರಗಿ ಕಾಡುತ್ತಿದ್ದಾಗ, ತಾವು ಅಡುಗೆಗೆ ಬಳಸುತ್ತಿದ್ದ ಅಗರ್ ಹಾಕಿ ನೋಡಿ ಎಂದವರು ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ.

ಗೀತಾ: ಕಡಲಪಾಚಿಯ ಅಗರ್ 85 ಡಿಗ್ರಿಯ ತನಕ ಕರಗುವುದಿಲ್ಲ, ಅದಕ್ಕೇ ಗೆದ್ದಿತು. ಇಸಬ್‌ಗೋಲ್ ಎಷ್ಟು ಬೇಕು ಮಹೇಶ?

ಮಹೇಶ: ಲೀಟರಿಗೆ ಸುಮಾರು 30 ಗ್ರಾಂ. ಅಗರ್ 6ರಿಂದ 8 ಗ್ರಾಂ ಸಾಕು.

ಶೈಲಜಾ: ನೋಡಿ! ಕಿಲೋ ದರ ಹೋಲಿಸಿ ಸಂಭ್ರಮಿಸುವವರು ಇದನ್ನು ಬಚ್ಚಿಡುತ್ತಾರೆ. ಲೀಟರಿನ ಲೆಕ್ಕವೂ ಸಾಲದು. ಮಣ್ಣಿನಲ್ಲಿ ಬದುಕುಳಿದ ಒಂದು ಸಸಿಗೆ ಎಷ್ಟು ಖರ್ಚಾಯಿತು ಎಂದು ಹೇಳಲಿ.

ಮಹೇಶ: ಒಪ್ಪಿದೆ. ಆದರೂ ಅಗ್ಗ ಎಂಬುದು ನನ್ನ ಅನುಭವ. ಎಡವುವುದು ಕಲಸುವಾಗ. ನೀರು ತಾಗಿದೊಡನೆ ಲೋಳೆ ಬಿಡುವುದರಿಂದ ಪಿಎಚ್ (ಹುಳಿ-ಕ್ಷಾರದ ಅಳತೆ) ಅನ್ನು ಮೊದಲೇ 5.8ಕ್ಕೆ ತರಬೇಕು. ಸಿಪ್ಪೆಯ ಪುಡಿಯನ್ನು ಮಾಧ್ಯಮದ ಸಕ್ಕರೆಯೊಂದಿಗೆ ಒಣಗಿರುವಾಗಲೇ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಉದುರಿಸಿದರೆ ಗಂಟು ಕಟ್ಟುವುದಿಲ್ಲ. ಬಾಟಲಿಗೂ ಬೇಗ ಸುರಿಯಬೇಕು.

ಶೈಲಜಾ: ಸಕ್ಕರೆಯ ಉಪಾಯ ನನಗೆ ಹೊಳೆದಿರಲಿಲ್ಲ. ಹಾಗಾದರೆ ಒಂದೇ ತಾಯಿ ಗುಚ್ಛದ ಚಿಗುರುಗಳನ್ನು ಒಂದೇ ದಿನ ಅಗರ್, ಇಸಬ್‌ಗೋಲ್ ಎರಡರಲ್ಲೂ ಇಡುತ್ತೇನೆ. ಬೇರು ಬಿಡಿಸುವ ಹಂತಕ್ಕೆ ಮಾತ್ರ ಸದ್ಯ ಅಗರ್ ಬಿಡಲಾರೆ.

ರಘು: ಆ ಸಂದೇಶವನ್ನು ನರ್ಸರಿಯವರ ಗುಂಪಿಗೂ ಕಳುಹಿಸಿಬಿಟ್ಟಿದ್ದೇನೆ. "ಯಾವುದೇ ಪಿಷ್ಟ" ಎಂಬುದು ತಪ್ಪು ಎಂದು ಈಗಲೇ ಬರೆಯುತ್ತೇನೆ. ಮಹೇಶ, ನಿನ್ನ ಕಲಸುವ ಕ್ರಮವನ್ನೂ ಜೊತೆಗೆ ಹಾಕಲೇ?

ಮಹೇಶ: ಹಾಕು. ಶೈಲಕ್ಕನ ಮಬ್ಬು ಬಾಟಲಿಗಳ ವಿಷಯವನ್ನೂ ಬಿಡದೆ ಹಾಕು.