ಪದಚರ್ಚೆ: ಅಬಂಡನ್‌ವೇರ್‌ಗೆ ‘ಬೇವಾರಸು’ ಸರಿಯೋ, ‘ಬೀಳು’ ಸರಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಪತ್ರಿಕೆಯೊಂದಕ್ಕೆ ವರ್ಡ್‌ಸ್ಟಾರ್ ಎಂಬ ಹಳೇ ಟೈಪಿಂಗ್ ಸಾಫ್ಟ್‌ವೇರ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಕಂಪನಿಯೇ ಮಾರುವುದನ್ನು ನಿಲ್ಲಿಸಿ, ರಿಪೇರಿ ನಿಲ್ಲಿಸಿ, ಕೊನೆಗೆ ಮರೆತೇಬಿಟ್ಟ ಹಳೇ ಸಾಫ್ಟ್‌ವೇರ್‌ಗೆ ‘ಅಬಂಡನ್‌ವೇರ್’ ಅಂತಾರಲ್ಲ, ಅದಕ್ಕೆ ನಾನು ‘ಪರಿತ್ಯಕ್ತ ತಂತ್ರಾಂಶ’ ಎಂದು ಹಾಕಿದ್ದೆ. ಸಂಪಾದಕರು ಪಕ್ಕದಲ್ಲಿ ‘ಗಂಡ ಯಾರು?’ ಎಂದು ಬರೆದು ವಾಪಸ್ ಕಳಿಸಿದರು. ತಪ್ಪು ನನ್ನದೇ. ಸರ್ಕಾರಿ ಅರ್ಜಿಯಲ್ಲಿ ‘ವಿಧವೆ / ಪರಿತ್ಯಕ್ತೆ’ ಎಂಬ ಕಾಲಂ ನೋಡಿದವರಿಗೆ ಬೇರೆ ಏನು ನೆನಪಾದೀತು?

ಅದೇ ವಾರ ಚಿಕ್ಕಪ್ಪನ ಫೋನ್ ಬಂತು. ಅವರದು ತಾಲ್ಲೂಕು ಊರಿನಲ್ಲಿ ಸಣ್ಣ ಪ್ರೆಸ್. ಹತ್ತಾರು ವರ್ಷದ ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಸೊಸೈಟಿ ವರದಿ ಎಲ್ಲ ಒಂದು ಹಳೇ ಕನ್ನಡ ಡಿಟಿಪಿ ಪ್ಯಾಕೇಜಿನ ಫೈಲುಗಳಲ್ಲಿವೆ. ಅದು ಓಡಬೇಕಾದರೆ ಕಂಪ್ಯೂಟರ್ ಹಿಂದೆ, ಪ್ರಿಂಟರ್ ಪೋರ್ಟಿಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಾಂಗಲ್ (ಕಾಪಿ ಹೊಡೆಯದಂತೆ ಕಂಪನಿ ಕೊಡುವ ಬೀಗ) ಚುಚ್ಚಿರಬೇಕು. ಹಳೇ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ಆ ಪೋರ್ಟೇ ಇಲ್ಲ. ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿದರೆ ಈಗ ಟೈಲ್ಸ್ ಅಂಗಡಿಯವರು ಎತ್ತುತ್ತಾರೆ. ಚಿಕ್ಕಪ್ಪ ಹೇಳಿದ್ದು ಇಷ್ಟು: ‘ಅದು ಬೇವಾರ್ಸಿ ಆಗೋಗಿದೆ ಕಣೋ. ಎಲ್ಲಾದ್ರೂ ಲಾಕ್ ಒಡೆದಿದ್ದು ಸಿಕ್ಕಿದ್ರೆ ಇಳಿಸ್ಕೊಡು.’

ಬೇವಾರ್ಸಿ! ಬೈಗುಳವನ್ನು ಪಕ್ಕಕ್ಕಿಟ್ಟು ನೋಡಿ. ಪಾರ್ಸಿಯ ‘ಬೇ’ ಅಂದರೆ ಇಲ್ಲದ, ಅರಬ್ಬಿಯ ‘ವಾರಿಸ್’ ಅಂದರೆ ಉತ್ತರಾಧಿಕಾರಿ. ವಾರಸುದಾರ ಇಲ್ಲದ್ದು ಬೇವಾರಸು. ಪೊಲೀಸ್ ಠಾಣೆ ಮುಂದೆ ತುಕ್ಕು ಹಿಡಿಯುವ ಬೈಕುಗಳಿಗೆ ಒಪ್ಪುವ ಮಾತು. ಇದನ್ನೇ ಹಾಕಿಬಿಡೋಣ ಅಂದುಕೊಂಡೆ.

ಆದರೆ ವರ್ಡ್‌ಸ್ಟಾರ್ ಅಡ್ಡ ಬಂತು. ಅದಕ್ಕೆ ವಾರಸುದಾರರು ಇಲ್ಲ ಅಂತಲ್ಲ, ಜಾಸ್ತಿಯೇ ಆದರು. ಮಾಡಿದ್ದು ಮೈಕ್ರೋಪ್ರೋ. ಅದು ಹೆಸರು ಬದಲಿಸಿಕೊಂಡು ವರ್ಡ್‌ಸ್ಟಾರ್ ಇಂಟರ್‌ನ್ಯಾಷನಲ್ ಆಯ್ತು. 1994ರಲ್ಲಿ ಅದು ಸಾಫ್ಟ್‌ಕೀಯೊಳಗೆ ಸೇರಿತು. ಸಾಫ್ಟ್‌ಕೀ ಮುಂದೆ ಲರ್ನಿಂಗ್ ಕಂಪನಿಯನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಅದನ್ನು 1999ರಲ್ಲಿ ಬಾರ್ಬಿ ಗೊಂಬೆ ಮಾಡುವ ಮ್ಯಾಟೆಲ್ ಕೊಂಡಿತು, ಮರುವರ್ಷವೇ ಕೈತೊಳೆದುಕೊಂಡಿತು. ವಿಂಡೋಸ್‌ಗೆ ಮುಂಚೆ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್‌ಗೆ ಕೊನೆಯ ವರ್ಡ್‌ಸ್ಟಾರ್ ಬಂದದ್ದು 1992ರಲ್ಲಿ. 2024ರ ಆಗಸ್ಟ್‌ನಲ್ಲಿ ಕೆನಡಾದ ವಿಜ್ಞಾನ ಕತೆಗಾರ ರಾಬರ್ಟ್ ಜೆ. ಸಾಯರ್ ಆ 7.0 ಆವೃತ್ತಿಯನ್ನು ಕೈಪಿಡಿಗಳ ಸಮೇತ ಕಟ್ಟಿ, ಯಾರು ಬೇಕಾದರೂ ಇಳಿಸಿಕೊಳ್ಳಿ ಎಂದು ನೆಟ್‌ನಲ್ಲಿ ಇಟ್ಟರು. ಅವರು ತಮ್ಮ ಕಾದಂಬರಿಗಳನ್ನು ಬರೆಯುವುದೇ ಅದರಲ್ಲಿ. ಇದು ಅಬಂಡನ್‌ವೇರ್ ಎನ್ನುವುದು ಅವರ ವಾದ. ಆದರೆ ಹಕ್ಕನ್ನು ಯಾರೂ ಬರೆದು ಬಿಟ್ಟುಕೊಟ್ಟಿಲ್ಲ. ಅಂದಮೇಲೆ ಅದು ಯಾವುದೋ ಒಂದು ಕಪಾಟಿನ ಕಾಗದದಲ್ಲಿ ಇದ್ದೇ ಇದೆ.

ಇದಕ್ಕೆ ನಮ್ಮ ಕಡೆ ಹೇಳೋದು ‘ಬೀಳು’ ಅಂತ ಅಲ್ವಾ? ಮಕ್ಕಳು ಬೆಂಗಳೂರು ಸೇರಿದ್ದಾರೆ, ಹೊಲ ಬೀಳು ಬಿಟ್ಟಿದ್ದಾರೆ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರಿದೆ. ಹೊಲದಲ್ಲಿ ಲಂಟಾನ ಬೆಳೆದಿದೆ. ಆದರೂ ನೀವು ನೇಗಿಲು ಹೂಡಿದ ದಿನ ಯಾರೋ ಒಬ್ಬರು ಬಂದೇ ಬರುತ್ತಾರೆ. ಅಬಂಡನ್‌ವೇರ್ ಇದೇ ಸ್ಥಿತಿ. ಬೇವಾರಸು ಅಂದರೆ ಒಡೆಯ ಇಲ್ಲ. ಬೀಳು ಅಂದರೆ ಒಡೆಯ ಇದ್ದಾನೆ, ಉಳುತ್ತಿಲ್ಲ. ಊರವರೆಲ್ಲ ದನ ಮೇಯಿಸಬಹುದಾದ್ದು ಗೋಮಾಳ, ಅದು ಮೂರನೆಯದೇ. ಈ ಮೂರನ್ನೂ ಇಂಗ್ಲಿಷಿನವರು ಒಂದೇ ಚೀಲಕ್ಕೆ ತುಂಬಿಕೊಂಡು ಜಗಳಾಡುತ್ತಾರೆ ಎಂದು ನನಗೆ ಅನಿಸುತ್ತದೆ.

ನೆಟ್‌ನಲ್ಲಿ ಹಳೇ ಗೇಮುಗಳನ್ನು ಇಡುವವರ ವಾದ ಕೇಳಿದರೆ ನನಗೆ ನೆನಪಾಗೋದು 1974ರ ಭೂಸುಧಾರಣೆಯ ‘ಉಳುವವನೇ ಒಡೆಯ’. ನೀವು ಮಾರುತ್ತಿಲ್ಲ, ನಾವು ಓಡಿಸಿ ಉಳಿಸುತ್ತಿದ್ದೇವೆ, ನಮ್ಮದೇ ಅನ್ನಿ ಅಂತ. ಮಾತು ಚೆನ್ನಾಗಿದೆ. ಆದರೆ ಗೇಣಿದಾರರಿಗೆ ಭೂಮಿಯ ಹಕ್ಕು ಕೇಳಲು ಫಾರಂ ನಂಬರ್ 7 ಇತ್ತು. ಇಲ್ಲಿ ಅಂಥ ಫಾರಂ ಇಲ್ಲ. ನಮ್ಮ 1957ರ ಕಾಪಿರೈಟ್ ಕಾಯಿದೆಗೆ ಕಂಪ್ಯೂಟರ್ ಪ್ರೋಗ್ರಾಂ ಒಂದು ‘ಸಾಹಿತ್ಯ ಕೃತಿ’. ಕಳ್ಳಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸಿದರೆ 63ಬಿ ಸೆಕ್ಷನ್ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು ಆಗಬಹುದು. ವ್ಯಾಪಾರಕ್ಕಲ್ಲ ಎಂದು ಮನವರಿಕೆಯಾದರೆ ಕೋರ್ಟು ಬರೀ ದಂಡದಲ್ಲಿ ಮುಗಿಸಬಹುದು. ‘ಹಳೇದಾಗಿದ್ದರೆ ಪರವಾಗಿಲ್ಲ’ ಎಂಬ ಸಾಲು ಅಲ್ಲಿಲ್ಲ. ಕರ್ತೃ ಪತ್ತೆಯಾಗದಿದ್ದರೆ ಲೈಸೆನ್ಸ್ ಕೇಳುವ ದಾರಿ 31ಎ ಸೆಕ್ಷನ್‌ನಲ್ಲಿದೆ, ಆದರೆ ಮೊದಲು ಪೇಪರಿನಲ್ಲಿ ಜಾಹೀರಾತು ಕೊಟ್ಟುಕೊಂಡು ಬರಬೇಕು. ಲಗ್ನಪತ್ರಿಕೆ ಫೈಲ್ ತೆರೆಯೋಕೆ ಚಿಕ್ಕಪ್ಪ ಅಷ್ಟು ದೂರ ಹೋಗುತ್ತಾರಾ?

ಇನ್ನು ‘ಬಿಡುಗಡೆ’. ಇದು ನನ್ನನ್ನು ನಿಜಕ್ಕೂ ಸತಾಯಿಸಿದ ಪದ. ಡೂಮ್ ಆಟ 1993ರಲ್ಲಿ ‘ಬಿಡುಗಡೆ’ ಆಯ್ತು. 1997ರಲ್ಲಿ ಅದರ ಕೋಡ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳು, ‘ಬಿಡುಗಡೆ’ ಆಯ್ತು. ಮೊದಲನೆಯದು ಸಿನಿಮಾ ಬಿಡುಗಡೆ ಇದ್ದಂತೆ, ಎರಡನೆಯದು ಜೈಲಿನಿಂದ ಆದಂತೆ. ಅದೂ ಅರ್ಧ ಬಿಡುಗಡೆ. ಕೋಡ್ ಹೊರಗೆ ಬಂತು, ಆಟದ ಚಿತ್ರ, ಸದ್ದು, ಹಂತಗಳೆಲ್ಲ ಒಳಗೇ ಉಳಿದವು. ಎಂಎಸ್-ಡಾಸ್‌ನ ಹಳೇ ಕೋಡನ್ನು ಮೈಕ್ರೋಸಾಫ್ಟ್ 2014ರಲ್ಲಿ ಒಂದು ಮ್ಯೂಸಿಯಂ ಮೂಲಕ ತೋರಿಸಿತು. ಅದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾಗೆ: ನೋಡಿ, ಓದಿ, ಬೇರೆಯವರಿಗೆ ಹಂಚಬೇಡಿ. 2018ರಲ್ಲಿ ಅದನ್ನೇ ಎಂಐಟಿ ಲೈಸೆನ್ಸ್ ಹಾಕಿ, ಏನು ಬೇಕಾದರೂ ಮಾಡಿಕೊಳ್ಳಿ ಅಂದಿತು. 2024ರಲ್ಲಿ ಡಾಸ್ 4.00 ಕೂಡ ಹಾಗೇ ಬಂತು. ಕನ್ನಡದಲ್ಲಿ ಬರೆಯುವಾಗ ಇವೆಲ್ಲಕ್ಕೂ ‘ಬಿಡುಗಡೆ’ ಎಂದೇ ಬರೆದರೆ ಓದುವವರಿಗೆ ಏನು ತಿಳಿಯಬೇಕು?

ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ‘ಹಕ್ಕು ಖುಲಾಸೆ ಪತ್ರ’ ಅಂತ ಒಂದಿದೆ. ತಂಗಿ ಅಣ್ಣನಿಗೆ ಪಾಲು ಬಿಟ್ಟುಕೊಡುವಾಗ ಮಾಡಿಸೋದು. ಹಕ್ಕನ್ನೇ ಬಿಟ್ಟರೆ ‘ಖುಲಾಸೆ’, ಹಕ್ಕು ಇಟ್ಟುಕೊಂಡು ಬಳಸಲು ಬಿಟ್ಟರೆ ‘ಅನುಮತಿ’, ಬರೀ ಮಾರುಕಟ್ಟೆಗೆ ತಂದರೆ ‘ಬಿಡುಗಡೆ’ ಎಂದು ನಾನು ವಿಂಗಡಿಸಿಕೊಂಡಿದ್ದೇನೆ. ಈ ಲೆಕ್ಕದಲ್ಲಿ ಎಂಐಟಿ ಲೈಸೆನ್ಸ್ ಖುಲಾಸೆ ಅಲ್ಲ, ಉದಾರ ಅನುಮತಿ. ಬೋರ್ಲ್ಯಾಂಡ್ ಕಂಪನಿ ಪ್ರೋಗ್ರಾಂ ಬರೆಯಲು ಬಳಸುವ ತನ್ನ ಹಳೇ ಸಾಫ್ಟ್‌ವೇರ್‌ಗಳಾದ ಟರ್ಬೊ ಸಿ 2.01, ಟರ್ಬೊ ಸಿ++ 1.01 ಇತ್ಯಾದಿಗಳನ್ನು ಪುರಾತನ ವಸ್ತು ಅಂತ ಪುಕ್ಕಟೆ ಇಳಿಸಿಕೊಳ್ಳಲು ಇಟ್ಟಾಗ ಬಿಟ್ಟದ್ದು ಬೆಲೆ, ಹಕ್ಕಲ್ಲ. ಇದರಲ್ಲೊಂದು ತಮಾಷೆ ಇದೆ. ನಾವೆಲ್ಲ ಕಾಲೇಜು ಲ್ಯಾಬಿನಲ್ಲಿ ನೀಲಿ ಪರದೆ ಮುಂದೆ ಕೂತು ಕಲಿತದ್ದು ಟರ್ಬೊ ಸಿ++ 3.0. ಆ ಪುಕ್ಕಟೆ ಪಟ್ಟಿಯಲ್ಲಿ ಅದು ಇರಲೇ ಇಲ್ಲ! ಫ್ಲಾಪಿಯಿಂದ ಫ್ಲಾಪಿಗೆ ಬಂದದ್ದು, ಯಾರೂ ಕೇಳಲಿಲ್ಲ.

ಅಂದಹಾಗೆ ‘ಬಿಟ್ಟಿ’ಗೂ ‘ಬಿಡು’ಗೂ ನೆಂಟಸ್ತಿಕೆ ಇಲ್ಲ. ಅದು ಸಂಸ್ಕೃತದ ‘ವಿಷ್ಟಿ’, ಕೂಲಿ ಕೊಡದೆ ಮಾಡಿಸುವ ಚಾಕರಿ. ‘ಬಿಟ್ಟಿ ತಂತ್ರಾಂಶ’ ಎಂದು ಬರೆಯುವವರು ಸ್ವಲ್ಪ ಯೋಚಿಸಿ.

ಪೈರಸಿಗೆ ಕೆಲವರು ‘ಕೃತಿಚೌರ್ಯ’ ಬಳಸುತ್ತಿದ್ದಾರೆ. ಬೇಡ. ಅದು ಇನ್ನೊಬ್ಬರು ಬರೆದದ್ದಕ್ಕೆ ತನ್ನ ಹೆಸರು ಹಾಕಿಕೊಳ್ಳೋದು. ಫ್ಲಾಪಿ ಕಾಪಿ ಹೊಡೆದ ಹುಡುಗ ‘ಇದನ್ನು ನಾನೇ ಬರೆದೆ’ ಅನ್ನೋದಿಲ್ಲ. ‘ನಕಲಿ’ಯೂ ಸರಿ ಇಲ್ಲ. ನಕಲಿ ಔಷಧಿಯಲ್ಲಿ ಔಷಧಿ ಇರೋದಿಲ್ಲ, ಕದ್ದ ಸಾಫ್ಟ್‌ವೇರ್‌ನಲ್ಲಿ ಅಸಲಿನ ಒಂದೊಂದು ಬೈಟೂ ಇರುತ್ತದೆ. ‘ಕಳ್ಳಪ್ರತಿ’ ಸಾಕು. ಕಳ್ಳಬಟ್ಟಿಯಲ್ಲೂ ಇಳಿಯೋದು ಸಾರಾಯಿಯೇ, ಲೈಸೆನ್ಸ್ ಇರೋದಿಲ್ಲ ಅಷ್ಟೇ.

ಈಗ ನನ್ನ ಪ್ರಶ್ನೆ. ‘ಬೀಳು ತಂತ್ರಾಂಶ’ ಎಂದು ಲೇಖನದಲ್ಲಿ ಹಾಕಿ, ಮನೆಯಲ್ಲಿ ಓದಲು ಕೊಟ್ಟೆ. ಮಗಳು ‘ಪದೇ ಪದೇ ಕ್ರ್ಯಾಶ್ ಆಗೋ ಸಾಫ್ಟ್‌ವೇರಾ?’ ಅಂದಳು. ಬಿದ್ದುಹೋಗುವ ಬೀಳು ಅವಳಿಗೆ ಗೊತ್ತು, ಹೊಲದ ಬೀಳು ಗೊತ್ತಿಲ್ಲ. ‘ಪಾಳು’ ಎಂದರೆ ದೆವ್ವದ ಮನೆ ನೆನಪಾಗುತ್ತದಂತೆ. ಕರಾವಳಿಯವರು ನಾಟಿ ಮಾಡದೆ ಬಿಟ್ಟ ಗದ್ದೆಗೆ ‘ಹಡಿಲು’ ಅಂತಾರೆ. ಅದರಲ್ಲಿ ಬೀಳುವ ಗೊಂದಲ ಇಲ್ಲ, ಆದರೆ ಘಟ್ಟದ ಮೇಲೆ ಎಷ್ಟು ಜನಕ್ಕೆ ಅರ್ಥವಾದೀತು? ರಾಯಚೂರು, ಕಲಬುರ್ಗಿ ಕಡೆಯವರು ಏನಂತೀರಿ, ಅದನ್ನೂ ಹೇಳಿ. ಶುಕ್ರವಾರದೊಳಗೆ ಲೇಖನ ಕಳಿಸಬೇಕು.