ಹೊರಗಿನ ವೇಸ್ಟ್‌ಗೇಟ್ ಹಾಕಿಸಿದವರು ಅನುಭವ ಹೇಳಿ: ಬೂಸ್ಟ್ ಏರುತ್ತಲೇ ಹೋಗುತ್ತಿದೆ, ಸ್ಪೂಲ್ ತಡ

ಪಿಂಪ್ರಿ ಟಿ-ಜೆಟ್:
ಎಲ್ಲರಿಗೂ ನಮಸ್ಕಾರ. ನನ್ನದು ಫಿಯೆಟ್ ಲೀನಿಯಾ ಟಿ-ಜೆಟ್, 1.4 ಲೀಟರ್. ಇಲ್ಲೇ ರಾಂಜಣಗಾವ್‌ನಲ್ಲಿ ತಯಾರಾದ ಗಾಡಿ, ಆದರೂ ಈಗ ಪಾರ್ಟ್ಸ್‌ಗೆ ಪರದಾಟ. ಸ್ವಲ್ಪ ದೊಡ್ಡ ಟರ್ಬೊ ಹಾಕಿಸಿದ್ದೇನೆ, ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟ್ ಗ್ಯಾಸನ್ನು ಪಕ್ಕದಿಂದ ಹೊರಗೆ ಬಿಡುವ ವಾಲ್ವ್) ಅದರ ಒಳಗಿನದೇ. 1 ಬಾರ್‌ಗೆ ನಿಲ್ಲಬೇಕಾದ ಬೂಸ್ಟ್, ಅಂದರೆ ಟರ್ಬೊ ಇಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, 5500 ಆರ್‌ಪಿಎಂ ಹೊತ್ತಿಗೆ 1.3 ದಾಟುತ್ತದೆ. ಕೆಳಗೆ 3500ರ ತನಕ ಗಾಡಿ ಏಳುವುದೇ ಇಲ್ಲ, ಸ್ಪೂಲ್ (ಟರ್ಬೊ ವೇಗ ಹಿಡಿಯುವುದು) ಅಷ್ಟು ತಡ. ಹೊರಗಿನ ಗೇಟ್ ಹಾಕಿಸಿದರೆ ಎರಡೂ ಸರಿಹೋಗುತ್ತಾ? ವಾಲ್ವಿನ ಅಗಲ 38 ಎಂಎಂ ಸಾಕಾ, 44 ಬೇಕಾ? ಖರ್ಚೂ ಹೇಳಿ.

ಡೊಂಬಿವ್ಲಿ ವಿಟೆಕ್:
ಹಳೇ ಹೋಂಡಾ ಸಿಟಿ 1.5, ಟರ್ಬೊ ಆಮೇಲೆ ಕೂರಿಸಿದ್ದು. ನನ್ನ ಕಥೆ ಪೂರ್ತಿ ಕೇಳಿ. ಗೇಟ್ 38 ಎಂಎಂ, ಅಸಲಿ ಮಾಲು, ಕಸ್ಟಮ್ಸ್ ಸೇರಿ 41,000. ಮ್ಯಾನಿಫೋಲ್ಡ್ (ಸಿಲಿಂಡರುಗಳಿಂದ ಟರ್ಬೊಗೆ ಗ್ಯಾಸ್ ಒಯ್ಯುವ ಪೈಪುಗಳು) ಮಾಡಿದ ವರ್ಕ್‌ಶಾಪ್‌ನವನು 28,000 ತೆಗೆದುಕೊಂಡ. ಗೇಟಿನ ಪೈಪನ್ನು ಒಂದೇ ಸಿಲಿಂಡರಿನ ರನ್ನರ್‌ಗೆ (ಆ ಸಿಲಿಂಡರಿನ ಪೈಪಿಗೆ), ಅದೂ 90 ಡಿಗ್ರಿ ಅಡ್ಡಕ್ಕೆ ವೆಲ್ಡ್ ಮಾಡಿ ಕೊಟ್ಟ. ಬೂಸ್ಟ್ ಮೊದಲಿಗಿಂತ ಜಾಸ್ತಿ ಏರಿತು! ಕೇಳಿದರೆ ಗೇಟನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗ್ ಬದಲಿಸಿ ಅಂದ. ಮೆದು ಸ್ಪ್ರಿಂಗ್ ಹಾಕಿದೆ, ಅದಕ್ಕೆ ಬೇರೆ 2,200. 4000ದಲ್ಲಿ ಬೂಸ್ಟ್ ಇಳಿಯಿತು, 6000ದಲ್ಲಿ ಮೊದಲಿದ್ದಷ್ಟೇ. ಸ್ಪ್ರಿಂಗ್ ಇಳಿಸಿದರೂ ಮೇಲಿನ ಬೂಸ್ಟ್ ಇಳಿಯಲಿಲ್ಲ ಅಂದರೆ ಗೇಟ್ ತೆರೆದೇ ಇದೆ, ಆದರೆ ಗ್ಯಾಸ್ ಅತ್ತ ಹೋಗುತ್ತಿಲ್ಲ ಅಂತ ಅರ್ಥ. ಟರ್ಬೈನ್ (ಟರ್ಬೊದಲ್ಲಿ ಗ್ಯಾಸ್ ತಿರುಗಿಸುವ ಚಕ್ರ) ಕಡೆ ಜೋರಾಗಿ ಓಡುತ್ತಿರುವ ಗ್ಯಾಸ್ ಅಡ್ಡ ಪೈಪಿಗೆ ಯಾಕೆ ತಿರುಗುತ್ತದೆ ಹೇಳಿ.

ಆಮೇಲೆ ಭೋಸರಿ ಎಂಐಡಿಸಿಯಲ್ಲಿ ಹೊಸದಾಗಿ ಮಾಡಿಸಿದೆ. ನಾಲ್ಕೂ ರನ್ನರ್ ಸೇರುವ ಜಾಗದ ನಂತರ, ಗ್ಯಾಸ್ ಹರಿಯುವ ದಿಕ್ಕಿಗೇ ಓರೆಯಾಗಿ ಗೇಟ್. ಮೊದಲನೆಯದು 304 ಸ್ಟೀಲ್, ತೆಳು ಪೈಪ್. ಅದು ಕಲೆಕ್ಟರ್ (ರನ್ನರ್‌ಗಳು ಸೇರುವ ಜಾಗ) ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಟ್ಟಿತ್ತು. ಕೂದಲೆಳೆಯಷ್ಟು, ಸುತ್ತ ಕಪ್ಪು ಮಸಿ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ನಿಂತುಹೋಗುತ್ತಿತ್ತು. ಹೊಸದು ಮೈಲ್ಡ್ ಸ್ಟೀಲ್, ಶೆಡ್ಯೂಲ್ 40 ದಪ್ಪದ ಪೈಪ್. ಟರ್ಬೊ ಭಾರ ಮ್ಯಾನಿಫೋಲ್ಡ್ ಮೇಲೆ ಬೀಳದ ಹಾಗೆ ಬ್ಲಾಕಿನಿಂದ ಒಂದು ಬ್ರ್ಯಾಕೆಟ್. ಪೈಪ್, ಬೆಂಡ್ 6,800. ಫ್ಲ್ಯಾಂಜ್ ಕಟಿಂಗ್ 3,500. ವೆಲ್ಡಿಂಗ್ ಮಜೂರಿ 14,000. ಫ್ಲ್ಯಾಂಜ್ ಮುಖ ಸಪಾಟು ಮಾಡಿಸಿದ್ದು 1,500. ಈಗ 0.8 ಬಾರ್ ಅಂದರೆ ರೆಡ್‌ಲೈನ್ ತನಕ 0.8. ಜೊತೆಗೆ ಸುಮಾರು 400 ಆರ್‌ಪಿಎಂ ಮುಂಚೆ ಬೂಸ್ಟ್ ಬರುತ್ತದೆ. ಅದು ಗೇಟ್‌ನಿಂದಲ್ಲ, ಬಿರುಕು ಹೋದದ್ದರಿಂದ. ಟರ್ಬೈನ್‌ಗೆ ಮುಂಚೆ ಸೋರಿದ್ದೆಲ್ಲ ಸ್ಪೂಲ್‌ನಲ್ಲೇ ಕಳೆಯುತ್ತದೆ.

ವಾಸ್ಕೊ ಲಾರಾ:
ಇಷ್ಟೆಲ್ಲ ದುಡ್ಡು ಯಾಕೆ ಸುರಿಯಬೇಕು ಅಂತ ನನಗೆ ಅರ್ಥವಾಗಲ್ಲ. ನನ್ನದು ಸ್ಕೋಡಾ ಲಾರಾ 1.8 ಟಿಎಸ್‌ಐ, ಒಳಗಿನ ಗೇಟ್, ಪಕ್ಕಾ 1.2 ಬಾರ್ ಹಿಡಿಯುತ್ತದೆ. ಟರ್ಬೈನ್ ಹೌಸಿಂಗ್ (ಹೊರಕವಚ) ಬಿಚ್ಚಿ ವೇಸ್ಟ್‌ಗೇಟ್ ತೂತನ್ನು ಗ್ರೈಂಡರ್‌ನಲ್ಲಿ ಅಗಲ ಮಾಡಿಸಿದೆ, ಅಂಚನ್ನು ನುಣುಪು ಮಾಡಿಸಿದೆ, ದೊಡ್ಡ ಫ್ಲ್ಯಾಪ್ ಹಾಕಿಸಿದೆ. ಬಿಗಿ ಸ್ಪ್ರಿಂಗಿನ ಆ್ಯಕ್ಚುಯೇಟರ್ (ಕಡ್ಡಿಯಿಂದ ಫ್ಲ್ಯಾಪ್ ತೆರೆದು ಮುಚ್ಚುವ ಡಬ್ಬಿ) 9,500, ಲೇತ್ ಕೆಲಸ 4,000, ಗ್ಯಾಸ್ಕೆಟ್ ಸೆಟ್ 3,200. ಬೂಸ್ಟ್ ಸೊಲೆನಾಯ್ಡ್ (ಆ್ಯಕ್ಚುಯೇಟರ್‌ಗೆ ಹೋಗುವ ಒತ್ತಡ ಹಿಡಿತದಲ್ಲಿಡುವ ವಿದ್ಯುತ್ ವಾಲ್ವ್) ಕಂಪನಿಯದೇ ಇತ್ತು. ಮುಗಿಯಿತು.

ಸ್ಪೂಲ್ ತಡವಾಗಲು ಇನ್ನೊಂದು ಕಾರಣ ಯಾರೂ ಹೇಳಲ್ಲ. ಸ್ಪ್ರಿಂಗ್ ಮೆದುವಾಗಿದ್ದರೆ ಟರ್ಬೈನ್ ಮುಂದಿನ ಒತ್ತಡವೇ ಫ್ಲ್ಯಾಪನ್ನು ತಳ್ಳಿ ತೆರೆಯುತ್ತದೆ. ಬೂಸ್ಟ್ ಪೂರ್ತಿ ಬರುವ ಮೊದಲೇ ಗ್ಯಾಸ್ ಸುಮ್ನೆ ಡೌನ್‌ಪೈಪಿಗೆ (ಟರ್ಬೊ ನಂತರದ ಎಕ್ಸಾಸ್ಟ್ ಪೈಪಿಗೆ) ಹೋಗುತ್ತದೆ. ಬಿಗಿ ಆ್ಯಕ್ಚುಯೇಟರ್ ಹಾಕಿ, ಕಡ್ಡಿಯ ಪ್ರಿಲೋಡ್ (ಮೊದಲೇ ಕೊಡುವ ಬಿಗಿತ) ಸರಿಮಾಡಿದರೆ ಚೋರ್ಲಾ ಘಾಟ್‌ನಲ್ಲಿ ಮೂರನೇ ಗೇರಿನಲ್ಲೇ ಹತ್ತುತ್ತದೆ. ಹೊರಗಿನ ಗೇಟ್ ಅನ್ನುವುದು ಅರ್ಧ ಶೋಕಿ.

ಕೋಥ್ರೂಡ್ ಸೀಡಿಯಾ:
ಶೋಕಿ ಅಂತೀರಾ? ನಿಮ್ಮ ಹಾಗೇ ತೂತು ಅಗಲ ಮಾಡಿಸಿದ ಹೌಸಿಂಗ್ ನನ್ನದೂ ಇತ್ತು. ತೂತಿಗೂ ಟರ್ಬೈನ್ ಬಾಯಿಗೂ ನಡುವಿನ ಗೋಡೆ ಸೀಳಿ ಹೋಯಿತು, ಖಂಬಾಟ್ಕಿ ಘಾಟ್ ಹತ್ತುವಾಗ. ಹೌಸಿಂಗ್ 22,000. ಇನ್ನೊಂದು ವಿಷಯ, ಬಿಗಿ ಸ್ಪ್ರಿಂಗ್ ಹಾಕಿದರೆ ಕನಿಷ್ಠ ಬೂಸ್ಟ್ ಕೂಡ ಏರುತ್ತದೆ. ಅದಕ್ಕಿಂತ ಕೆಳಗೆ ಇಳಿಸಲು ಯಾವ ಸೊಲೆನಾಯ್ಡ್‌ಗೂ ಆಗಲ್ಲ. ಮಳೆಗಾಲದಲ್ಲಿ ಅದೇ ಬೂಸ್ಟ್‌ನಲ್ಲಿ ಓಡಿಸುತ್ತೀರಾ?

ಆದರೆ ಹೊರಗಿನ ಗೇಟ್ ಅಂತ ಸಿಕ್ಕಿದ್ದನ್ನೂ ತರಬೇಡಿ. ಮುಂಬೈ ಕುರ್ಲಾದ ಒಂದು ಅಂಗಡಿಯವನು ಅಸಲಿ ಅಂತ ಹೇಳಿ ನಕಲಿ ಗೇಟ್ ಕೊಟ್ಟ, 18,000. ಒಳಗಿನ ಡಯಾಫ್ರಮ್ (ವಾಲ್ವ್ ಎತ್ತುವ ರಬ್ಬರ್ ಪದರ) ಮಡಿಕೆಯಲ್ಲಿ ಹರಿದುಹೋಯಿತು. ಕೆಳಗಿನ ಪೋರ್ಟಿಗೆ ಬರುವ ಬೂಸ್ಟ್ ತಾನೇ ವಾಲ್ವನ್ನು ಮೇಲೆತ್ತುವುದು? ಡಯಾಫ್ರಮ್ ಹರಿದರೆ ವಾಲ್ವ್ ಏಳಲ್ಲ, ಬೂಸ್ಟ್‌ಗೆ ತಡೆಯೇ ಇಲ್ಲ. 1.7 ಬಾರ್ ನೋಡಿ ಕಾಲು ತೆಗೆಯುವಷ್ಟರಲ್ಲಿ ಮೂರನೇ ಪಿಸ್ಟನ್‌ನ ರಿಂಗ್ ಕೂರುವ ಅಂಚು ಮುರಿದಿತ್ತು. ಪಿಸ್ಟನ್ ಸೆಟ್ 46,000, ಬೋರ್ ಮಾಡಿಸಿದ್ದು 7,000, ಬೇರಿಂಗ್ 8,500, ಹೆಡ್ ಗ್ಯಾಸ್ಕೆಟ್ ಮತ್ತು ಬೋಲ್ಟ್ 11,000, ಮಜೂರಿ 25,000, ಮತ್ತೆ ಟ್ಯೂನಿಂಗ್ 20,000. ಇನ್ನೂ ಆ ಅಂಗಡಿ ಮುಂದೆ ಹೋದರೆ ಮೈ ಉರಿಯುತ್ತದೆ. ಈಗ ಅಸಲಿ ಗೇಟ್. ಇಸಿಯುನಲ್ಲಿ (ಇಂಜಿನ್ ಕಂಪ್ಯೂಟರ್‌ನಲ್ಲಿ) ಬೂಸ್ಟ್ 1.25 ದಾಟಿದರೆ ಫ್ಯುಯೆಲ್ ಕಟ್.

ಡೊಂಬಿವ್ಲಿ ವಿಟೆಕ್:
ಒಬ್ಬ ಮೋಸ ಮಾಡಿದ ಅಂತ ಕುರ್ಲಾದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಸರ್. ನನ್ನ ಟರ್ಬೊ ಕುರ್ಲಾದ ಸಿಎಸ್‌ಟಿ ರೋಡ್‌ನಿಂದಲೇ ತಂದದ್ದು. ಶಾಫ್ಟ್ ಅಲ್ಲಾಡಿಸಿ ನೋಡಿ ತೆಗೆದುಕೊಂಡೆ, ಇವತ್ತಿಗೂ ಒಂದು ಹನಿ ಆಯಿಲ್ ಸೋರಿಲ್ಲ.

ಕೋಥ್ರೂಡ್ ಸೀಡಿಯಾ:
ಟರ್ಬೊ ಅಲ್ಲಾಡಿಸಿ ನೋಡಬಹುದು. ಡಯಾಫ್ರಮ್‌ನ ರಬ್ಬರ್ ಹೇಗೆ ನೋಡುತ್ತೀರಿ?

ಮುಲುಂಡ್ ಹಳಬ:
ನಾನು ಹೇಳುವುದು ಗೇಟಿನ ಹೊರದಾರಿ ಬಗ್ಗೆ. ಬಾನೆಟ್ ಕೆಳಗೆ ಗಾಳಿಗೇ ಬಿಟ್ಟರೆ ಬೂಸ್ಟ್ ಬಂದಾಗಲೆಲ್ಲ ಕಿವಿ ಹರಿಯುವ ಸದ್ದು. ನಮ್ಮ ಸೊಸೈಟಿಯಲ್ಲಿ ಮಗು ಮಲಗಿಸಿದ ಮನೆಯವರು ಇಳಿದು ಬಂದು ಕೇಳಿದರು. ಅವರದು ತಪ್ಪಲ್ಲ. ಪೊಲೀಸರು ಹಿಡಿದರೆ ಮೋಟಾರು ವಾಹನ ಕಾಯ್ದೆಯ 182ಎ ಇದೆ, 2019ರ ತಿದ್ದುಪಡಿಯಲ್ಲಿ ಬಂದದ್ದು. ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ನಾನು ವಾಪಸ್ ಡೌನ್‌ಪೈಪಿಗೆ ಸೇರಿಸಿದೆ. ಪೈಪ್ ಮತ್ತು ಬೆಲ್ಲೋಸ್ (ಹಿಗ್ಗಿ ಕುಗ್ಗುವ ಸುಕ್ಕು ಪೈಪ್) 5,400, ಮಜೂರಿ 4,500. ಬೆಲ್ಲೋಸ್ ಬಿಡಬೇಡಿ, ಬಿಸಿಗೆ ಪೈಪ್ ಉದ್ದವಾಗುತ್ತದೆ, ಇಲ್ಲದಿದ್ದರೆ ಬೆಸುಗೆ ಕೀಳುತ್ತದೆ.

ವಾಸ್ಕೊ ಲಾರಾ:
ಅಂದರೆ ಗೇಟ್, ಮ್ಯಾನಿಫೋಲ್ಡ್, ಅದರ ಮೇಲೆ ಇನ್ನೊಂದು 10,000. ನಾನು ಹೇಳಿದ್ದು ಇದನ್ನೇ.

ಕೋಥ್ರೂಡ್ ಸೀಡಿಯಾ:
ನಿಮ್ಮ ಟರ್ಬೊ ಚಿಕ್ಕದು, ಅದಕ್ಕೆ ನಡೆಯುತ್ತಿದೆ. ಅದನ್ನೇ ಎಲ್ಲರಿಗೂ ನಿಯಮ ಮಾಡಬೇಡಿ ರೀ.

ವಾಸ್ಕೊ ಲಾರಾ:
ನನ್ನ ಟರ್ಬೊ ಚಿಕ್ಕದು ಅಂತ ನಿಮಗೆ ಯಾರು ಹೇಳಿದರು? ಗಾಡಿ ನೋಡಿದ್ದೀರಾ? ಗೋವಾಕ್ಕೆ ಬನ್ನಿ, ವೆರ್ಣಾ ದಾಟಿ ಒಂದು ರೌಂಡ್ ಹೋಗೋಣ. ಬೂಸ್ಟ್ ದಾಖಲಾದ ಲಾಗ್ ತೋರಿಸುತ್ತೇನೆ.

ಪಿಂಪ್ರಿ ಟಿ-ಜೆಟ್:
ಅಣ್ಣಂದಿರೇ, ಜಗಳ ಬೇಡ. 38ಆ, 44ಆ?

ಡೊಂಬಿವ್ಲಿ ವಿಟೆಕ್:
1.4 ಲೀಟರ್‌ಗೆ, 1 ಬಾರ್‌ಗೆ, ಜಾಗ ಸರಿಯಿದ್ದರೆ 38 ಸಾಕು. ಬೂಸ್ಟ್ ಕಡಿಮೆ ಇಟ್ಟಷ್ಟೂ ಹೆಚ್ಚು ಗ್ಯಾಸ್ ಹೊರಗೆ ಬಿಡಬೇಕು, ಆಗ ದೊಡ್ಡ ಗೇಟ್ ಬೇಕು. ತುಂಬ ಜನ ಇದನ್ನು ಉಲ್ಟಾ ತಿಳಿದಿದ್ದಾರೆ. 0.5 ಬಾರ್‌ಗೆ ಓಡಿಸುವವರಿಗೆ 44 ಬೇಕಾಗಬಹುದು. ಬೂಸ್ಟ್ ಸಿಗ್ನಲ್ ಪೈಪನ್ನು ಕಂಪ್ರೆಸರ್ ಹೌಸಿಂಗ್‌ನಿಂದಲೇ ತೆಗೆಯಿರಿ, ಗಿಡ್ಡಕ್ಕೆ, ಎರಡೂ ತುದಿಗೆ ಕ್ಲ್ಯಾಂಪ್. ಆ ಪೈಪ್ ಕಿತ್ತುಬಂದರೂ ಕೋಥ್ರೂಡ್‌ನವರಿಗೆ ಆದದ್ದೇ ಆಗುತ್ತದೆ.

ಮುಲುಂಡ್ ಹಳಬ:
ಮತ್ತೆ 1.3 ಬಾರ್‌ಗೆ ಮಾಮೂಲಿ ಪೆಟ್ರೋಲ್ ಹಾಕಿ ಓಡಿಸುತ್ತಿದ್ದೀರಾ? ನಾಕ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು) ಆಗುವ ಮೊದಲು ಬೂಸ್ಟ್ ಇಳಿಸಿ.

ಕೋಥ್ರೂಡ್ ಸೀಡಿಯಾ:
ಹೌದು, ಅದು ಮೊದಲು. ಗೇಟ್ ಕೂರುವ ತನಕ 4500 ದಾಟಿಸಬೇಡಿ. ಮತ್ತೆ ವಾಸ್ಕೊದವರೇ, ಲಾಗ್ ಇಲ್ಲೇ ಹಾಕಿ. ಮೂರನೇ ಗೇರ್, 2000ದಿಂದ ರೆಡ್‌ಲೈನ್ ತನಕ, ಎಲ್ಲೂ ಕತ್ತರಿಸದೆ.